ಬ್ರಷ್ ಬುಡದಲ್ಲಿ ಕಟ್ಟುವ ಬಿಳಿ ಪದರ
ಹಲ್ಲುಜ್ಜುವ ಬ್ರಷ್ ಎಳೆಗಳ ಬುಡದಲ್ಲಿ ಸುಣ್ಣದಂಥ ಪದರ ಕಟ್ಟುತ್ತದೆ ಅಂದಿರಲ್ಲ, ಅದು ಬಹುಶಃ ಬೋರ್‌ವೆಲ್‌ನ ಗಡಸು ನೀರಿನದು, ಜೊತೆಗೆ ಒಣಗಿದ ಪೇಸ್ಟ್. ಕೋಲಾರದ ನಮ್ಮ ಮನೆಯಲ್ಲೂ ಇದೇ ಕಥೆ, ನಲ್ಲಿ ಬಾಯಲ್ಲೂ ಅದೇ ಬಿಳಿ ಕರೆ.

ಲೋಟಕ್ಕೆ ಅರ್ಧ ನಿಂಬೆಹಣ್ಣು ಹಿಂಡಿ, ಸ್ವಲ್ಪ ನೀರು ಬೆರೆಸಿ, ಬ್ರಷ್ ತಲೆಯನ್ನು ಅರ್ಧ ಗಂಟೆ ನೆನೆಸಿ. ಆಮೇಲೆ ಹೆಬ್ಬೆರಳಿನಿಂದ ಎಳೆಗಳನ್ನು ಬಗ್ಗಿಸಿ ಬುಡ ಉಜ್ಜಿ, ಕುಡಿಯುವ ಫಿಲ್ಟರ್ ನೀರಲ್ಲಿ ತೊಳೆಯಿರಿ. ಕುದಿಯುವ ನೀರು ಬೇಡ, ಎಳೆಗಳು ಸೊಟ್ಟಗಾಗುತ್ತವೆ.

ಪ್ಲಾಸ್ಟಿಕ್ ಮುಚ್ಚಳ ಹಾಕಬೇಡಿ. ಒದ್ದೆಯಲ್ಲೇ ಮುಚ್ಚಿದರೆ ಕೀಟಾಣು ಜಾಸ್ತಿ ಅಲ್ವಾ. ತಲೆ ಮೇಲಾಗಿ ನಿಲ್ಲಿಸಿ, ಬೇರೆಯವರ ಬ್ರಷ್‌ಗೆ ತಾಗದಂತೆ.

ಪದರ ಬಿಳಿಯಲ್ಲ, ಕಪ್ಪಗೆ ಲೋಳೆಯಾಗಿದ್ದರೆ ಬೂಷ್ಟು ಇರಬಹುದು. ಅದಕ್ಕೆ ನಿಂಬೆ ಗಿಂಬೆ ಬೇಡ, ಎಸೆದುಬಿಡಿ. ಬ್ರಷ್‌ಗೆ 3-4 ತಿಂಗಳಾಗಿದ್ದರೂ ಸುಮ್ನೆ ಹೊಸದು ತನ್ನಿ.