ನಿಂತುಹೋದ ಪತ್ರಿಕೆಯ ಇಪ್ಪತ್ತು ಸಂಪುಟಗಳು

ಪ್ರಶ್ನೆ: ಇಂಗ್ಲಿಷ್ ಅಧ್ಯಾಪಕರಾಗಿದ್ದ ನಮ್ಮ ತಾತನವರ ಕಪಾಟಿನಲ್ಲಿ ‘ಸ್ಕ್ರೂಟಿನಿ’ ಎಂಬ ಸಾಹಿತ್ಯ ಪತ್ರಿಕೆಯ ಇಪ್ಪತ್ತು ಸಂಪುಟಗಳಿವೆ. ಪತ್ರಿಕೆ 1953ರಲ್ಲಿಯೇ ನಿಂತಿತಂತೆ. ಸಂಪುಟಗಳಲ್ಲಿ 1963 ಎಂದಿದೆ. ನಿಂತ ಪತ್ರಿಕೆಯನ್ನು ಮತ್ತೆ ಅಚ್ಚು ಹಾಕಿಸಿದ್ದೇಕೆ? ಇವನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮಲ್ಲಿರುವುದು ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತಂದ ಮರುಮುದ್ರಣ. ಮೂಲ ಸಂಚಿಕೆಗಳು ಕಡಿಮೆ ಪ್ರತಿಗಳಲ್ಲಿ ಅಚ್ಚಾಗಿದ್ದವು. ಪತ್ರಿಕೆ ನಿಂತ ಮೇಲೆ ಅದನ್ನು ಓದಬೇಕೆನ್ನುವವರು ಹೆಚ್ಚಿದರು. ಬದುಕಿದ್ದಷ್ಟು ಕಾಲ ಆ ವಿಶ್ವವಿದ್ಯಾಲಯದಿಂದ ಹಣದ ನೆರವನ್ನೇ ಕಾಣದ ಪತ್ರಿಕೆಯನ್ನು ಹತ್ತು ವರ್ಷಗಳ ಅನಂತರ ಅದೇ ವಿಶ್ವವಿದ್ಯಾಲಯದ ಮುದ್ರಣಾಲಯವು ಇಡಿಯಾಗಿ ಪ್ರಕಟಿಸಿತೆಂಬುದು ನನಗೆ ಇಂದಿಗೂ ಮನಸ್ಸು ತುಂಬಿಬರುವ ಸಂಗತಿ.

‘ಸ್ಕ್ರೂಟಿನಿ’ ಆರಂಭವಾದದ್ದು 1932ರ ಮೇ ತಿಂಗಳಲ್ಲಿ, ಕೇಂಬ್ರಿಜ್‌ನಲ್ಲಿ, ತ್ರೈಮಾಸಿಕವಾಗಿ. ಮೊದಲ ಸಂಚಿಕೆಯ ಸಂಪಾದಕರು ಎಲ್.ಸಿ. ನೈಟ್ಸ್ ಮತ್ತು ಡೊನಾಲ್ಡ್ ಕಲ್ವರ್. ಅದೇ ವರ್ಷ ಸಂಪಾದಕ ಮಂಡಳಿಗೆ ಬಂದ, ಕೇಂಬ್ರಿಜ್‌ನಲ್ಲಿ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರೂ ವಿಮರ್ಶಕರೂ ಆಗಿದ್ದ ಎಫ್.ಆರ್. ಲೀವಿಸ್ ಕೊನೆಯವರೆಗೂ ಅದರ ಬೆನ್ನೆಲುಬಾಗಿದ್ದರು. ಲೇಖಕರಿಗೆ ಸಂಭಾವನೆಯಿರಲಿಲ್ಲ, ಸಂಪಾದಕರಿಗೂ ಇರಲಿಲ್ಲ. ಲೀವಿಸ್ ಮತ್ತು ಅವರ ಪತ್ನಿ ಕ್ವೀನಿ ಲೀವಿಸ್ ಪಾಠ ಹೇಳುವುದರ ನಡುವೆಯೇ ಮನೆಯಿಂದ ಪತ್ರಿಕೆಯ ಕೆಲಸ ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಕಾಗದದ ಅಭಾವ ಬಂತು, ಬರೆಯುತ್ತಿದ್ದವರು ಚದುರಿಹೋದರು. ಆ ಬಳಗವನ್ನು ಮತ್ತೆ ಕಟ್ಟಲಾಗದೆ 1953ರ ಅಕ್ಟೋಬರಿನಲ್ಲಿ ಪತ್ರಿಕೆಯನ್ನು ನಿಲ್ಲಿಸಬೇಕಾಯಿತು.

ಕೃತಿಯ ಬಗ್ಗೆ ಹೊಗಳಿಕೆಯ ಮಾತನ್ನಾಡದೆ, ಅದರ ಪುಟವನ್ನೇ ಮುಂದಿಟ್ಟುಕೊಂಡು, ಈ ಪದ ಇಲ್ಲೇಕಿದೆ, ಈ ಸಾಲು ಏನು ಮಾಡುತ್ತಿದೆ ಎಂದು ಕೇಳುವ ಓದು ಈ ಪತ್ರಿಕೆಯ ಜೀವಾಳ. ನಿಮ್ಮ ಹತ್ತನೆಯ ಸಂಪುಟವನ್ನು ತೆರೆದರೆ ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟೆನ್ ಬರಹಗಳನ್ನು ಕುರಿತ ಕ್ವೀನಿ ಲೀವಿಸ್ ಅವರ ದೀರ್ಘ ಪ್ರಬಂಧದ ಮೊದಲ ಕಂತುಗಳು ಸಿಗುತ್ತವೆ. ಆಸ್ಟೆನ್ ಕಾದಂಬರಿಗಳು ಒಂದೇ ಉಸಿರಿನಲ್ಲಿ ಹುಟ್ಟಿದವಲ್ಲ, ಹರೆಯದಲ್ಲಿ ಬರೆದಿಟ್ಟದ್ದನ್ನು ಆಕೆ ವರ್ಷಗಟ್ಟಲೆ ತಿದ್ದಿ ಕಟ್ಟಿದವು ಎಂದು ಹಳೆಯ ಬರಹಗಳ ಪಕ್ಕದಲ್ಲಿ ಕಾದಂಬರಿಗಳನ್ನಿಟ್ಟು ವಾದಿಸುವ ಪ್ರಬಂಧವದು. ಅದರ ಎಲ್ಲ ತೀರ್ಮಾನಗಳನ್ನೂ ಒಪ್ಪಬೇಕಿಲ್ಲ. ವಾದ ಸಾಗುವ ಬಗೆಯನ್ನು ಮಾತ್ರ ನಿಧಾನವಾಗಿ ಗಮನಿಸಿ. ಎಫ್.ಆರ್. ಲೀವಿಸ್ ಅವರ ತೀರ್ಪುಗಳಲ್ಲಿ ಕೆಲವು ಕಟುವಾದವು, ಕೆಲವು ಅನ್ಯಾಯದವು ಎಂದೂ ನಾನು ಹೇಳಲೇಬೇಕು.

ಇದು ನಮಗೆ ದೂರದ ಕಥೆಯಲ್ಲ. ಕೇಂಬ್ರಿಜ್‌ನಲ್ಲಿ ಲೀವಿಸ್ ಅವರ ಶಿಷ್ಯರಾಗಿದ್ದ ಸಿ.ಡಿ. ನರಸಿಂಹಯ್ಯನವರು 1952ರಲ್ಲಿ ಮೈಸೂರಿನಿಂದ ‘ದ ಲಿಟರರಿ ಕ್ರೈಟೀರಿಯನ್’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ಮೈಸೂರಿನಲ್ಲಿ ಅವರ ಪಾಠ ಕೇಳಿದವರಲ್ಲಿ ಯು.ಆರ್. ಅನಂತಮೂರ್ತಿಯವರೂ ಒಬ್ಬರು. ಹಾಸನ, ಚಿಕ್ಕಮಗಳೂರಿನ ಕಾಲೇಜುಗಳೂ ಆಗ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿಯೇ ಇದ್ದವು. ಆದ್ದರಿಂದ ನಿಮ್ಮ ತಾತನವರು ಈ ಸಂಪುಟಗಳನ್ನು ತರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಖಂಡಿತ ಇಟ್ಟುಕೊಳ್ಳಿ. ಅಂಚಿನಲ್ಲಿ ತಾತನವರ ಪೆನ್ಸಿಲ್ ಟಿಪ್ಪಣಿಗಳಿದ್ದರೆ ಅಳಿಸಬೇಡಿ. ಮಳೆಗಾಲದಲ್ಲಿ ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿಡಿ, ಇಲ್ಲವಾದರೆ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಮುಂದೆ ಯಾವುದಾದರೂ ಕಾಲೇಜಿಗೆ ಕೊಡುವ ಮನಸ್ಸಾದರೆ ಇಪ್ಪತ್ತನ್ನೂ ಒಟ್ಟಿಗೇ ಕೊಡಿ. ಹತ್ತೊಂಬತ್ತು ಸಂಪುಟಗಳಿಗೆ ಬೇಕಾದ ಸೂಚಿಯೂ ಲೀವಿಸ್ ಬರೆದ ಹಿನ್ನೋಟವೂ ಇರುವುದು ಕೊನೆಯ ಸಂಪುಟದಲ್ಲಿ.