ಪಶ್ಚಿಮಘಟ್ಟ ನೋಡಿದವರಿಗೆ ಶ್ರೀಲಂಕಾದ ಕಾಡಿನಲ್ಲಿ ಹೊಸದೇನಿದೆ?

ದಾಂಡೇಲಿ, ಆಗುಂಬೆಗಳಲ್ಲಿ ಸಾಕಷ್ಟು ಹಕ್ಕಿ ನೋಡಿದ್ದೀರಿ. ಶ್ರೀಲಂಕಾದಲ್ಲೂ ಹೆಚ್ಚುಕಡಿಮೆ ಅವೇ ಇರುವುದಾದರೆ ಅಷ್ಟು ದೂರ ಏಕೆ ಹೋಗಬೇಕು, ಅಲ್ಲಿ ಕಾಡಾದರೂ ಉಳಿದಿದೆಯೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಕಾಡು ಉಳಿದಿದೆ, ಆದರೆ ತುಂಡುತುಂಡಾಗಿ.

ಕಾಕರಣೆ (ಟ್ರೋಗನ್), ಕಪ್ಪೆಬಾಯಿ ಹಕ್ಕಿ (ಫ್ರಾಗ್‌ಮೌತ್) ಎರಡೂ ಕಡೆ ಇವೆ ನಿಜ. ಆದರೆ ಉಳಿದವುಗಳಲ್ಲಿ ಎಷ್ಟೋ ಹಕ್ಕಿಗಳು ನಮ್ಮವುಗಳ ದಾಯಾದಿಗಳು, ಅವೇ ಅಲ್ಲ. ಹಿಮಯುಗಗಳಲ್ಲಿ ಸಮುದ್ರ ತಗ್ಗಿದಾಗಲೆಲ್ಲ ದ್ವೀಪಕ್ಕೂ ಭಾರತಕ್ಕೂ ನೆಲದ ನಂಟು ಬೆಳೆದಿತ್ತು. ಆದರೂ ಲಂಕೆಯ ನೈರುತ್ಯದ ಮಳೆಕಾಡಿಗೂ ನಮ್ಮ ಘಟ್ಟಕ್ಕೂ ನಡುವೆ ಒಣಭೂಮಿಯೇ ಹಾಸಿಕೊಂಡಿದ್ದರಿಂದ ತೇವದ ಕಾಡನ್ನೇ ನೆಚ್ಚಿದ ಹಕ್ಕಿಗಳು ಬೇರೆಬೇರೆಯಾಗಿಯೇ ಬೆಳೆದವು. ನಮ್ಮ ಬೂದು ಮಂಗಟ್ಟೆಯ ಗಂಡಿನ ಕೊಕ್ಕು ಕಿತ್ತಳೆ ಬಣ್ಣದ್ದು, ಅಲ್ಲಿಯದರದ್ದು ಕೆನೆಬಣ್ಣ. ಕರ್ನಾಟಕದ ಮೂರನೇ ಒಂದರಷ್ಟು ವಿಸ್ತೀರ್ಣದ ಆ ದ್ವೀಪದಲ್ಲಿ ಜಗತ್ತಿನ ಬೇರೆಲ್ಲೂ ಇಲ್ಲದ ಹಕ್ಕಿಗಳು ಸುಮಾರು 34 ಜಾತಿ. ಬಹುಪಾಲು ನೈರುತ್ಯದ ಮಳೆಕಾಡು ಮತ್ತು ನಡುವಿನ ಮಲೆನಾಡಿನಲ್ಲೇ ಇವೆ.

ಮೊದಲು ನೈರುತ್ಯದ ಮಳೆಕಾಡಾದ ಸಿಂಹರಾಜಕ್ಕೆ ಹೋಗಿ. ಕುಡಾವ ಕಡೆಯಿಂದ ಒಳಗೆ ಹೋಗುವ ದಾರಿಯಲ್ಲಿ ಬಹಳ ಹೊತ್ತು ಏನೂ ಕಾಣದಿರಬಹುದು, ಬೇಸರಪಡಬೇಡಿ. ಮೊದಲು ಕೇಳುವುದು ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳ ಎಡೆಬಿಡದ ಕಿಚಪಿಚ. ಆಮೇಲೆ ಕಾಜಾಣದ ಕೂಗು. ನಮ್ಮ ಭೀಮರಾಜನ ಸಂಬಂಧಿಯೇ ಆದರೂ ಇದಕ್ಕೆ ಬಾಲದ ತುದಿಯ ಗರಿಬಿಲ್ಲೆಗಳಿಲ್ಲ. ನೆತ್ತಿಯ ಮೇಲೆ ಜುಟ್ಟು, ಉದ್ದನೆಯ ಕವಲು ಬಾಲ. ಅದರ ಹಿಂದೆ ಇಡೀ ಮರವೇ ಅಲುಗಿದಂತೆ ಹಕ್ಕಿಗಳು ಬರುತ್ತವೆ: ಕೋಗಿಲೆಯ ಕುಲದ ಕೆಂಪು ಮುಖದ ಮಾಲ್ಕೋಹ, ಕಾಕರಣೆ, ನೆಲದ ತರಗೆಲೆ ಕೆದಕುವ ಬೂದುತಲೆಯ ಹರಟೆಮಲ್ಲ, ಅದೃಷ್ಟವಿದ್ದರೆ ಸಿಂಹಳೀಯರು ಕೆಹಿಬೆಲ್ಲ ಎನ್ನುವ ನೀಲಿ ಮ್ಯಾಗ್‌ಪೈ. ಇಂಥ ಒಂದು ಮಿಶ್ರ ತಂಡದಲ್ಲಿ ಸರಾಸರಿ ಸುಮಾರು 12 ಜಾತಿಯ 40ರಷ್ಟು ಹಕ್ಕಿಗಳಿರುತ್ತವೆ. ಪ್ರೊಫೆಸರ್ ಸರತ್ ಕೊಟಗಮ ಮತ್ತು ಅವರ ಸಂಗಡಿಗರು 1980ರ ದಶಕದಿಂದ ಈ ತಂಡಗಳನ್ನು ಅಭ್ಯಸಿಸಿದ್ದಾರೆ. ಹರಟೆಮಲ್ಲಗಳು ತಂಡವನ್ನು ಒಟ್ಟಿಗೆ ಹಿಡಿದಿಡುತ್ತವೆ, ಕಾಜಾಣ ಕಾವಲುಗಾರ. ಅದು ಬೇರೆ ಹಕ್ಕಿಗಳ ದನಿಯನ್ನು ಅನುಕರಿಸಿ ಅವನ್ನು ತಂಡಕ್ಕೆ ಕರೆತರುತ್ತದೆ ಎಂಬುದನ್ನೂ ಅಲ್ಲಿನ ಅಧ್ಯಯನ ತೋರಿಸಿದೆ. ಉಳಿದವು ಎಬ್ಬಿಸಿದ ಹುಳುಗಳು ಅದಕ್ಕೆ ಊಟ.

ನನ್ನ ಮಟ್ಟಿಗೆ ಶ್ರೀಲಂಕಾಕ್ಕೆ ಹೋಗಲು ಇದೊಂದೇ ಕಾರಣ ಸಾಕು. ಪಟ್ಟಿಯಲ್ಲಿ ಗುರುತು ಹಾಕುವ ಆತುರ ಬಿಟ್ಟು ತಂಡವನ್ನೇ ನೋಡಿ. ಮಾಲ್ಕೋಹಕ್ಕೆ ಎತ್ತರದ ಕೊಂಬೆಗಳು ಬೇಕು, ಬೂದುತಲೆಯದಕ್ಕೆ ದಟ್ಟ ಪೊದೆ, ತರಗೆಲೆ ಬೇಕು. ಕಾಡಿನ ಒಂದು ಅಂತಸ್ತು ಹೋದರೂ ತಂಡ ಒಡೆಯುತ್ತದೆ. ಒಂದೊಂದೇ ಜಾತಿಯನ್ನು ಉಳಿಸುತ್ತೇವೆ ಎನ್ನುವ ಸಂರಕ್ಷಣೆಯ ಮಾತು ಇಂಥ ಕಡೆ ಸಾಲುವುದಿಲ್ಲ.

ನೀವು ನಡೆಯುವ ಆ ದಾರಿ ಹಿಂದೆ ಮರ ಸಾಗಿಸಲು ಮಾಡಿದ್ದು. 1970ರ ದಶಕದಲ್ಲಿ ಪ್ಲೈವುಡ್‌ಗಾಗಿ ಯಂತ್ರ ಹಚ್ಚಿ ಸಿಂಹರಾಜವನ್ನು ಕಡಿಯುತ್ತಿದ್ದರು. ಸ್ವಿಸ್ ಮೂಲದ ಸಂರಕ್ಷಣಾವಾದಿ ಥಿಲೋ ಹಾಫ್‌ಮನ್ ಮೊದಲಾದವರ ಹೋರಾಟದಿಂದ ಆ ದಶಕ ಮುಗಿಯುವುದರೊಳಗೆ ಕೊಡಲಿ ನಿಂತಿತು. 1988ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಕಡಿದ ಜಾಗ ತಾನಾಗಿ ಬೆಳೆದು ಈಗ ಹಕ್ಕಿ ತಂಡಗಳು ಅಲ್ಲೇ ಓಡಾಡುತ್ತವೆ. 1995ರಲ್ಲಿ ಅಲ್ಲಿನ ಪಕ್ಷಿತಜ್ಞ ದೀಪಾಲ್ ವಾರಕಗೊಡ ಕಿತುಲ್ಗಲದ ಕಾಡಿನಲ್ಲಿ ಗುರುತಿಲ್ಲದ ಒಂದು ರಾತ್ರಿಯ ಕೂಗನ್ನು ಕೇಳಿದರು. ಆ ಪುಟ್ಟ ಕೆಂಗಂದು ಗೂಬೆಯನ್ನು ಕಣ್ಣಾರೆ ಕಂಡದ್ದು 2001ರಲ್ಲಿ, ಸಿಂಹರಾಜದಲ್ಲಿ. 1868ರ ನಂತರ ಆ ದ್ವೀಪದಲ್ಲಿ ಸಿಕ್ಕ ಮೊದಲ ಹೊಸ ಹಕ್ಕಿ ಅದು. ಅದರ ವೈಜ್ಞಾನಿಕ ಹೆಸರಿನಲ್ಲಿ ಹಾಫ್‌ಮನ್ ಹೆಸರಿದೆ. ಕಾಡು ಹೋಗಿದ್ದರೆ ಅಂಥದೊಂದು ಹಕ್ಕಿ ಇತ್ತೆಂದೇ ನಮಗೆ ಗೊತ್ತಾಗುತ್ತಿರಲಿಲ್ಲ ಎಂದು ನೆನೆದಾಗ ಈಗಲೂ ಎದೆ ಝಲ್ಲೆನ್ನುತ್ತದೆ.

ಲಂಕೆಯ ನಡುವಿನ ಮಲೆನಾಡಿನ ಕಥೆ ಇನ್ನೂ ನೋವಿನದು. ಮೊದಲು ಕಾಫಿ, 1869ರಿಂದ ಎಲೆರೋಗ ಅದನ್ನು ತಿಂದ ಮೇಲೆ ಚಹಾ. ಬೆಟ್ಟಗಳ ಕಾಡು ಬೋಳಾಯಿತು. 5,000 ಅಡಿಗಿಂತ ಮೇಲಿನದನ್ನು ಮುಟ್ಟಬೇಡಿ ಎಂದು ಸಸ್ಯವಿಜ್ಞಾನಿ ಜೋಸೆಫ್ ಹುಕರ್ 1873ರಲ್ಲಿ ಕೊಟ್ಟ ಸಲಹೆಯಿಂದ ಒಂದಿಷ್ಟು ಉಳಿಯಿತು. ಸುಮಾರು 2,100 ಮೀಟರ್ ಎತ್ತರದ ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಬೆಳಕು ಹರಿಯುವ ಮುನ್ನವೇ ಹೋಗಿ. ಅಲ್ಲಿನ ಅರೆಂಗಾ ಕೊಳದ ಬಳಿ ನಮ್ಮ ಘಟ್ಟದ ವಿಸ್ಲಿಂಗ್ ಥ್ರಶ್‌ನ ದಾಯಾದಿ ನಸುಕಿನಲ್ಲಿ ಒಂದು ಕ್ಷಣ ಕಾಣಿಸೀತು, ಬಿಸಿಲೇರಿದರೆ ಇಲ್ಲ. ಹಳದಿ ಕಿವಿಯ ಪಿಕಳಾರ, ಮಂಕುನೀಲಿ ನೊಣಹಿಡುಕ ಸುಲಭವಾಗಿ ಸಿಗುತ್ತವೆ. ಅಲ್ಲಿಯ ಮೋಡಕಾಡಿನ ಮರಗಳು ದಶಕಗಳಿಂದ ನಿಂತಲ್ಲೇ ಒಣಗುತ್ತಿವೆ. ಬಿಳಿಚಿದ ಕಾಂಡಗಳ ಸಾಲನ್ನು ನೋಡುವುದು ಕಷ್ಟ, ಆದರೂ ನೋಡಿ.

ನುವರ ಎಲಿಯದ ವಿಕ್ಟೋರಿಯಾ ಪಾರ್ಕನ್ನು ಬಿಡಬೇಡಿ. ಪಟ್ಟಣದ ನಡುವಿನ ಆ ಉದ್ಯಾನಕ್ಕೆ ಚಳಿಗಾಲದಲ್ಲಿ ಹಿಮಾಲಯದಿಂದ ಪೈಡ್ ಥ್ರಶ್, ಕಾಶ್ಮೀರದ ನೊಣಹಿಡುಕ ಬರುತ್ತವೆ, ನವರಂಗ (ಪಿಟ್ಟ) ಹಕ್ಕಿಯೂ ಸಿಗುತ್ತದೆ. ಹಾಗಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ದಿನಗಳು ಒಳ್ಳೆಯವು. ಸಿಂಹರಾಜದಲ್ಲಿ ಮಾರ್ಗದರ್ಶಿ ಕಡ್ಡಾಯ. ಹತ್ತಿರದ ಹಳ್ಳಿಯವರನ್ನೇ ಕೇಳಿ ಪಡೆಯಿರಿ, ಕಾಡು ನಿಂತರೆ ತಮಗೂ ಬದುಕು ಎಂಬುದು ಅವರಿಗೆ ಸಿಗಲಿ. ಜಿಗಣೆ ಕಾಲುಚೀಲ ಒಯ್ಯಿರಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ನುಡಿಸಿ ಕರೆಯುವವರು ಸಿಕ್ಕರೆ ಬೇಡವೆನ್ನಿ, ಅದರಲ್ಲೂ ಆ ಗೂಬೆಗೆ.