ಲಿಂಕ್ ರೇ ಅವರನ್ನು ಒಂದೇ ಒಂದು ವಾದ್ಯಕೃತಿಗಾಗಿ ಇಷ್ಟು ನೆನೆಯುವುದೇಕೆ?

2005ರಲ್ಲಿ ತೀರಿಕೊಂಡ ಗಿಟಾರ್ ವಾದಕ ಲಿಂಕ್ ರೇ ಅವರನ್ನು ರಾಕ್ ಅಂಡ್ ರೋಲ್‌ನ ಆದ್ಯರಲ್ಲಿ ಒಬ್ಬರೆಂದು ಎಣಿಸುತ್ತಾರೆ, ಆದರೆ ಅವರ ‘ರಂಬಲ್’ ಕೇಳಿದರೆ ಅದರಲ್ಲಿ ಹಾಡೂ ಇಲ್ಲ, ಕೈಚಳಕವೂ ಇಲ್ಲ, ಹಾಗಿದ್ದರೂ ಈ ಗೌರವವೇಕೆ ಎಂದು ನೀವು ಕೇಳಿದ್ದೀರಿ. ಕೈಚಳಕವಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಗಿಟಾರ್ ಹಿಡಿದು ಎರಡು ತಿಂಗಳಾದವರೂ ಅದರ ಕಾರ್ಡುಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು, ಒತ್ತಬಲ್ಲರು. ನಾನೂ ಆ ಹಂತದಲ್ಲೇ ಅದನ್ನು ಕಲಿತೆ. ಮೊದಲ ಸಲ ಕೇಳಿದಾಗಂತೂ ನನ್ನ ಸ್ಪೀಕರ್ ಹರಿದಿದೆ ಎಂದುಕೊಂಡು ವೈರು ಕಿತ್ತು ಮತ್ತೆ ಸಿಕ್ಕಿಸಿ ನೋಡಿದ್ದೆ. ಹರಿದದ್ದು ನಿಜ, ಆದರೆ ನನ್ನದಲ್ಲ, ಅವರದು.

1958ರ ಆರಂಭದಲ್ಲಿ, ಅಮೆರಿಕದ ವರ್ಜೀನಿಯಾ ರಾಜ್ಯದ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಹದಿಹರೆಯದವರ ಒಂದು ನೃತ್ಯ ಕಾರ್ಯಕ್ರಮಕ್ಕೆ ರೇ ಸಹೋದರರ ತಂಡ ನುಡಿಸುತ್ತಿತ್ತು. ಆಗ ಬಳಕೆಗೆ ಬಂದಿದ್ದ ‘ಸ್ಟ್ರೋಲ್’ ಎಂಬ ನಿಧಾನಗತಿಯ ಕುಣಿತಕ್ಕೆ ಏನಾದರೂ ನುಡಿಸಿ ಎಂಬ ಕೋರಿಕೆ ಬಂತು. ಅದು ಲಿಂಕ್ ಅವರಿಗೆ ಗೊತ್ತಿರಲಿಲ್ಲ. ತಮ್ಮ ಡಗ್ ಡ್ರಮ್ಮಿನಲ್ಲಿ ಲಯ ಹಿಡಿದರು, ಅದರ ಮೇಲೆ ಇವರು ಕೈಗೆ ಬಂದ ಕಾರ್ಡುಗಳನ್ನು ಬಿಡಿಬಿಡಿಯಾಗಿ ಬಾರಿಸಿದರು. ಹಾಡಲು ಇಟ್ಟಿದ್ದ ಮೈಕನ್ನು ಗಿಟಾರಿನ ಆಂಪ್ಲಿಫೈಯರ್ ಮುಂದೆ ತಂದು ನಿಲ್ಲಿಸಿದ್ದರಿಂದ ಧ್ವನಿ ತಾಳಲಾರದೆ ಬಿರಿಯಿತು, ನೆರೆದ ಹುಡುಗ ಹುಡುಗಿಯರು ಅದನ್ನೇ ಮತ್ತೆ ಮತ್ತೆ ನುಡಿಸುವಂತೆ ಕೂಗಿದರು.

ನನ್ನ ಉತ್ತರದ ತಿರುಳು ಇರುವುದು ಇದರ ಮುಂದಿನ ಘಟನೆಯಲ್ಲಿ. ಸ್ಟುಡಿಯೋದಲ್ಲಿ ಮುದ್ರಿಸಲು ಕುಳಿತಾಗ ಧ್ವನಿ ತೊಳೆದಿಟ್ಟಷ್ಟು ಸ್ವಚ್ಛವಾಗಿ ಬರತೊಡಗಿತು. ಕೃತಿಯ ಜೀವವೇ ಹೋಗಿತ್ತು. ಆಗ ಲಿಂಕ್ ಒಂದು ಪೆನ್ಸಿಲ್ ತೆಗೆದುಕೊಂಡು ಆಂಪ್ಲಿಫೈಯರಿನ ಸಣ್ಣ ಸ್ಪೀಕರುಗಳ ಕಾಗದದ ಪೊರೆಯಲ್ಲಿ ತೂತು ಕೊರೆದರು. ಕೆಟ್ಟ ಆಂಪ್ಲಿಫೈಯರಿನ ಕರಕರ ಧ್ವನಿ ಅದಕ್ಕೆ ಮೊದಲೂ ಧ್ವನಿಮುದ್ರಿಕೆಗಳಲ್ಲಿ ಬಂದಿತ್ತು, 1951ರ ‘ರಾಕೆಟ್ 88’ ಎಂಬ ಹಾಡು ಅದಕ್ಕೆ ಸಾಕ್ಷಿ. ಆದರೆ ಅಲ್ಲಿ ಮೊದಲೇ ಹಾಳಾಗಿದ್ದ ಆಂಪ್ಲಿಫೈಯರನ್ನೇ ಬಳಸಿಕೊಂಡರು. ಇಲ್ಲಿ ಚೆನ್ನಾಗಿದ್ದುದನ್ನು ಬೇಕೆಂದೇ ಹಾಳುಮಾಡಿದರು. ಮುಂದೆ ಫಝ್ ಪೆಡಲ್ ಎಂದು ಡಬ್ಬಿಯಲ್ಲಿ ಮಾರಾಟಕ್ಕೆ ಬಂದ ಧ್ವನಿಯನ್ನು ಅವರು ಪೆನ್ಸಿಲಿನಿಂದ ಪಡೆದರು ಎಂದರೆ ತಪ್ಪಾಗಲಾರದು.

ಅವರನ್ನು ‘ಪವರ್ ಕಾರ್ಡಿನ ಜನಕ’ ಎಂದು ಹೊಗಳುವುದುಂಟು. ಈ ಬಿರುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಪವರ್ ಕಾರ್ಡ್ ಎಂದರೆ ಷಡ್ಜ ಮತ್ತು ಪಂಚಮ ಮಾತ್ರ, ನಮ್ಮ ತಂಬೂರಿಯ ಶ್ರುತಿಯಂತೆ. ಗಾಂಧಾರವನ್ನು ಬಿಟ್ಟುಬಿಡುವುದರಿಂದ ಧ್ವನಿ ಎಷ್ಟೇ ಒಡೆದರೂ ಸ್ವರಗಳು ಒಂದರೊಳಗೊಂದು ಕಲಸಿಹೋಗುವುದಿಲ್ಲ. ‘ರಂಬಲ್’ನಲ್ಲಿ ನನಗೆ ಕೇಳಿಸುವುದು ಗಾಂಧಾರವೂ ಸೇರಿದ ತುಂಬು ಕಾರ್ಡುಗಳು, ಅದರ ರಾಡಿಗೂ ಬೆದರಿಕೆಗೂ ಅದೇ ಕಾರಣ. ಹೀಗಾಗಿ ಜನಕ ಎನ್ನುವುದಕ್ಕಿಂತ, ಪೀಟ್ ಟೌನ್‌ಶೆಂಡ್ ಮತ್ತು ಜಿಮ್ಮಿ ಪೇಜ್ ಅವರಂಥ ಮುಂದಿನ ರಾಕ್ ಗಿಟಾರ್ ವಾದಕರಿಗೆ ದಾರಿ ತೋರಿದವರು ಎಂದರೆ ಹೆಚ್ಚು ಸರಿ. ಆ ಇಬ್ಬರೂ ಈ ಋಣವನ್ನು ಮುಕ್ತವಾಗಿ ಹೇಳಿಕೊಂಡಿದ್ದಾರೆ.

ರಂಬಲ್ ಎಂದರೆ ಆಗಿನ ಆಡುಮಾತಿನಲ್ಲಿ ಹುಡುಗರ ಗುಂಪುಗಳ ಬೀದಿ ಹೊಡೆದಾಟ. ಇದರಿಂದ ಪುಂಡಾಟಿಕೆ ಹೆಚ್ಚುತ್ತದೆ ಎಂಬ ಭಯದಿಂದ ಕೆಲವು ರೇಡಿಯೋ ಕೇಂದ್ರಗಳು ಅದರ ಪ್ರಸಾರವನ್ನೇ ನಿಲ್ಲಿಸಿದವು. ಒಂದು ಪದವೂ ಇಲ್ಲದ ಕೃತಿಗೆ ನಿಷೇಧ! ಆದರೂ ಅದು ಅಮೆರಿಕದ ಜನಪ್ರಿಯ ಮುದ್ರಿಕೆಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 16ನೆಯ ಸ್ಥಾನದವರೆಗೆ ಏರಿತು.

ಪದಗಳಿಲ್ಲದಿರುವುದಕ್ಕೂ ಅವರ ಬದುಕಿಗೂ ನಂಟಿದೆ. 1929ರಲ್ಲಿ ಉತ್ತರ ಕೆರೊಲಿನಾದ ಡನ್ ಎಂಬ ಊರಿನ ಬಡ ಕುಟುಂಬದಲ್ಲಿ ಹುಟ್ಟಿದ ಅವರು ತಮ್ಮದು ಶಾನೀ ಮೂಲನಿವಾಸಿಗಳ ರಕ್ತವೆಂದು ಹೇಳಿಕೊಳ್ಳುತ್ತಿದ್ದರು. ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದಾಗ ತಗುಲಿದ ಕ್ಷಯರೋಗ ಅವರ ಒಂದು ಶ್ವಾಸಕೋಶವನ್ನೇ ಬಲಿತೆಗೆದುಕೊಂಡಿತು, ಇನ್ನು ಹಾಡಲಾಗದು ಎಂದು ವೈದ್ಯರು ಹೇಳಿದರು. ಹಾಗೆಂದು ಅವರು ಹಾಡುವುದನ್ನು ಪೂರ್ತಿ ಬಿಡಲಿಲ್ಲ ಎನ್ನುವುದಕ್ಕೆ, ಮೇರಿಲ್ಯಾಂಡಿನ ಅಕೊಕೀಕ್‌ನಲ್ಲಿ ಮನೆಯ ಪಕ್ಕದ ಹಳೆಯ ಕೋಳಿಗೂಡನ್ನೇ ಸ್ಟುಡಿಯೋ ಮಾಡಿಕೊಂಡು ಮುದ್ರಿಸಿದ 1971ರ ಆಲ್ಬಮ್ ಇದೆ.

ಕೊನೆಗಾಲವನ್ನು ಅವರು ಡೆನ್ಮಾರ್ಕ್‌ನಲ್ಲಿ ಕಳೆದರು. 2005ರ ನವೆಂಬರ್ 5ರಂದು, 76ನೆಯ ವಯಸ್ಸಿನಲ್ಲಿ, ಕೋಪನ್‌ಹೇಗನ್ನಿನಲ್ಲಿ ನಿಧನರಾದರು. ಅದೇ ತಿಂಗಳು ಗಾಯಕ ಬಾಬ್ ಡಿಲನ್ ಲಂಡನ್ನಿನ ತಮ್ಮ ಸಂಗೀತ ಕಚೇರಿಯನ್ನು ‘ರಂಬಲ್’ ನುಡಿಸಿಯೇ ಆರಂಭಿಸಿದರು. ಈ ಸಂಗೀತದ ಹಿರಿಯರನ್ನು ಗೌರವಿಸುವ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಮಾತ್ರ 2018ರಲ್ಲಿ ಕೃತಿಯನ್ನು, 2023ರಲ್ಲಿ ಕೃತಿಕಾರರನ್ನು ಸೇರಿಸಿಕೊಂಡಿತು. ಬಹಳ ತಡವಾಯಿತು ಎಂದೇ ನನ್ನ ಅಭಿಪ್ರಾಯ.

ಇನ್ನೊಮ್ಮೆ ಕೇಳುವುದಾದರೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಬೇಡಿ. ಸುಮಾರು ಎರಡೂವರೆ ನಿಮಿಷದ ಆ ಮುದ್ರಿಕೆಯ ಕೊನೆಯ ಭಾಗಕ್ಕೆ ಕಿವಿಗೊಡಿ: ಅಲ್ಲಿಯವರೆಗೆ ಗಟ್ಟಿಯಾಗಿ ನಿಂತಿದ್ದ ಕಾರ್ಡುಗಳು, ಧ್ವನಿಯನ್ನು ಏರಿಳಿಸಿ ನಡುಗಿಸುವ ಆಂಪ್ಲಿಫೈಯರಿನ ಟ್ರೆಮೊಲೊವನ್ನು ಏರಿಸುತ್ತಿದ್ದಂತೆ, ನಡುಗತೊಡಗುತ್ತವೆ, ಆ ನಡುಕ ಬಿಗಿಯಾಗುತ್ತಿರುವಾಗಲೇ ಧ್ವನಿ ಕರಗಿಹೋಗುತ್ತದೆ.